ಒತ್ತೆ ಬಿದ್ದ ಪದವಿ

ಪೋತ್ನಾಳದ ಅಕ್ಕಿ ಮಿಲ್ಲಿನಲ್ಲಿ ತೌಡಿನ ಧೂಳು ಎಲ್ಲದರ ಮೇಲೂ ಕೂರುತ್ತದೆ. ನಾನು ಕಚೇರಿಯ ಕಂಪ್ಯೂಟರಿನ ಕೀಲಿಗಳ ಸಂದಿಯನ್ನು ಹಳೆಯ ಬ್ರಷ್ಷಿನಿಂದ ಗುಡಿಸುತ್ತಿದ್ದೆ. ಅಪ್ಪ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕುಳಿತಿದ್ದ. ಅಕ್ಕ ಸ್ವಪ್ನಾ ನಿಂತೇ ಇದ್ದಳು. ಮಿಲ್ಲಿನ ಧಣಿ ಪಂಪಾಪತಿ ಚಹಾ ಮುಗಿಸುವವರೆಗೂ ಎಲ್ಲರೂ ಕಾಯಬೇಕಿತ್ತು.

ಅಕ್ಕ ರಾಯಚೂರಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ್ದಳು. ಹೈದರಾಬಾದಿನ ಕಂಪನಿಯೊಂದು ಕರೆದಿತ್ತು. ಸೋಮವಾರ ಅಸಲು ಮಾರ್ಕ್ಸ್ ಕಾರ್ಡುಗಳನ್ನು ತೋರಿಸಿದರೆ ಮಾತ್ರ ಕೆಲಸ. ಅವು ಧಣಿಯ ತಿಜೋರಿಯಲ್ಲಿದ್ದವು. ಕಾಲೇಜಿನ ಬಾಕಿ ಫೀಸು ಕಟ್ಟಿದವನು ಅವನೇ. ಕಟ್ಟಿದ ದಿನವೇ ಕಾರ್ಡುಗಳನ್ನು ತಾನೇ ಇಸಿದುಕೊಂಡು ಬಂದಿದ್ದ.

"ಪಗಾರ ಎಷ್ಟಂದಿ?" ಧಣಿ ಕೇಳಿದ.

"ಕೈಗಿ ಹದಿನೆಂಟು ಸಾವಿರ ಬರ್ತದ್ರಿ."

"ಕುಂದ್ರು. ನಿನ್ನ ಕೈಲೇ ಲೆಕ್ಕ ಹೊಡಿ. ಆಮ್ಯಾಲ ಧಣಿ ಮೋಸ ಮಾಡಿದ ಅನಬ್ಯಾಡ."

ಧಣಿ ಹೇಳುತ್ತ ಹೋದ, ಅಕ್ಕ ಕೀಲಿ ಒತ್ತುತ್ತ ಹೋದಳು. ಹಾಸ್ಟೆಲ್ ಬಾಡಿಗೆ. ಊಟ. ಬಸ್ಸು. ಬ್ಯಾಂಕಿನಿಂದ ತೆಗೆದ ಶಿಕ್ಷಣ ಸಾಲದ ಕಂತು. ಕಡೆಗೆ ಧಣಿಯ ಬಡ್ಡಿ, ತಿಂಗಳಿಗೆ ನೂರಕ್ಕೆ ಮೂರು.

"ಉಳಿದಿದ್ದು ಓದು."

ಅಕ್ಕ ಕೀಲಿಗಳಿಂದ ಬೆರಳು ತೆಗೆದಳು. ಪರದೆಯ ಮೇಲೆ ಅಂಕಿ ಕೆಂಪಾಗಿತ್ತು. ಕೆಂಪು ಅಂದರೇನೆಂದು ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೂ ತಿಳಿಯಿತು.

"ಓದವಾ ಇಂಜಿನಿಯರ್! ನಿಮ್ಮಪ್ಪನೂ ಕೇಳ್ಲಿ."

"ಕಮ್ಮಿ ಬೀಳ್ತದ್ರಿ. ಮೊದಲ್ನೇ ವರ್ಷ ಅಷ್ಟ. ಆಮ್ಯಾಲ ಪಗಾರ ಏರ್ತದ."

"ಬಡ್ಡಿ ಏರಂಗಿಲ್ಲೇನು? ಅದೇನು ನಮ್ಮೂರ ಬಸ್ಸೇನು, ಕೆಟ್ಟು ನಿಂದ್ರಾಕ?" ಧಣಿ ನಕ್ಕ. ಬ್ರಷ್ ಹಿಡಿದಿದ್ದ ನನ್ನ ಕಡೆ ಗದ್ದ ತೋರಿದ. "ನಿನ್ನ ತಂಗಿ ಮೌನೇಶ್ವರಿನ್ನ ನೋಡು. ಓದಲಿಲ್ಲ, ಬರೀಲಿಲ್ಲ. ಆಕಿ ಹೆಸರಿಲೇ ಒಂದ್ ರೂಪಾಯಿ ಸಾಲ ಇಲ್ಲ. ನಿಮ್ಮಿಬ್ಬರೊಳಗ ಶ್ಯಾಣ್ಯಾಕಿ ಯಾರು?"

ಅಕ್ಕ ಮಾನ್ವಿಯಲ್ಲಿ ಪಿಯುಸಿ ಸೇರಿದ ವರ್ಷವೇ ನಾನು ಮಿಲ್ಲಿಗೆ ಬಂದದ್ದು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಧೂಳಿಲ್ಲದ ಕೀಲಿಗಳನ್ನೇ ಮತ್ತೆ ಗುಡಿಸಿದೆ.

"ಯಪ್ಪಾ, ಸಾಲ ನನ್ನ ಮ್ಯಾಲ ಇಟ್ಕೋರಿ," ಎಂದ ಅಪ್ಪ. "ಸಾಯೋತನ ಮೂಟಿ ಹೊರ್ತೀನಿ. ಆಕಿನ್ನ ಬಿಡ್ರಿ."

"ರೂಢಿ ಗೊತ್ತಿಲ್ಲೇನಲೇ ಮುದುಕ್ಯಾ? ಯಾರ ಸಲುವಾಗಿ ಮುಂಗಡ ಕೊಟ್ಟೀನೋ ಅವರ ಮೈ ನನ್ನ ಅಂಗಳದಾಗ ಇರಬೇಕು. ಕಂಪ್ಯೂಟರ್ ಅದ, ಫ್ಯಾನ್ ಅದ. ಬಿಲ್ಲು ಹೊಡ್ಕೋತ ಕುಂದರ್ಲಿ. ತೀರಿದ ದಿನ ಹೋಗ್ಲಿ."

ಅರಕೇರಾದಿಂದ ಗುಳೆ ಹೋಗುವಾಗ ಮೇಸ್ತ್ರಿಗಳ ಕೈಯಿಂದ ಮುಂಗಡ ಪಡೆದೇ ಬಾಳಿದವನು ಅಪ್ಪ. ಮುಂಗಡಕ್ಕೆ ಬಡ್ಡಿ ಇಲ್ಲ, ದುಡಿದು ಕಳೆಯುವುದಷ್ಟೇ. ಕಾಲೇಜಿನ ಫೀಸೂ ಹಾಗೆಯೇ ಎಂದು ತಿಳಿದು ಹೆಬ್ಬೆಟ್ಟು ಒತ್ತಿದ್ದ. ಧಣಿ ಬಡ್ಡಿಯನ್ನೂ ಹಿಡಿದ, ಮೈಯನ್ನೂ ಹಿಡಿದ.

ನಾನು ಅಂಗಳದ ಕೆಲಸಕ್ಕೆ ಇಳಿದೆ. ಅಲ್ಲಿ ಕುದಿಸಿದ ಭತ್ತ ಹರವಿದ್ದರು. ಅದನ್ನು ಕಾಲಿನಿಂದಲೇ ತಿರುವಬೇಕು. ಕಾಲೆಳೆದಲ್ಲೆಲ್ಲ ಗೆರೆ ಬೀಳುತ್ತದೆ, ಅಂಗಾಲು ಸುಡುತ್ತದೆ. ಮುಂದಿನ ಸಾಲಿನಲ್ಲಿ ಭತ್ತ ತಿರುವುತ್ತಿದ್ದ ಮಾನಮ್ಮ ಕೂಗಿದಳು.

"ಏನಾತಬೇ? ಇಂಜಿನಿಯರಮ್ಮ ಇಮಾನ ಹತ್ತಿದ್ಲೇನು?"

"ಆಫೀಸಿನಾಗ ಕೂಡ್ಸ್ಯಾರ."

ಮಾನಮ್ಮನ ನಗು ನಿಂತಿತು. "ಭಾಡ್ಯಾನ ಹೆಣಾ ಎತ್ಲಿ. ನಮ್ಮ ಕಾಲು ಸುಟ್ಟಿದ್ದು ಸಾಲಲಿಲ್ಲ, ಆಕಿ ಕೈಬಟ್ಟೂ ಬೇಕಾದ್ವಾ?" ಸ್ವಲ್ಪ ದೂರ ಹೋಗಿ ತಿರುಗಿದಳು. "ನನ್ನ ಮಗಳಿಗೂ ಕಂಪ್ಯೂಟರ್ ಓದಸ್ಬೇಕಂತಿದ್ದೆ. ಬ್ಯಾಡವಾ. ಎರಡು ಆಡು ಕೊಡಸ್ತೀನಿ. ಮರಿನಾರ ಹಾಕ್ತಾವ."

ನಾನು ಭತ್ತದಲ್ಲಿ ಇನ್ನೊಂದು ಗೆರೆ ಎಳೆದೆ.

ಸಂಜೆ ಮನೆಗೆ ಹೊರಡುವ ಮುಂಚೆ ಹೆಂಗಸರೆಲ್ಲ ಗೇಟಿನ ಬಳಿ ಸಾಲು ನಿಂತು ಉಡಿ ಝಾಡಿಸಿ ತೋರಿಸಬೇಕು, ಅಕ್ಕಿ ಕದ್ದಿಲ್ಲವೆಂದು. ಗುಮಾಸ್ತ ಗಡಿಗೆಪ್ಪ ನೋಡುತ್ತಾನೆ. ಆ ದಿನ ಧಣಿಯೂ ಬಂದು ನಿಂತ. ಅಕ್ಕ ಕಚೇರಿಯಿಂದ ಇಳಿದು ನೇರವಾಗಿ ಗೇಟಿಗೆ ನಡೆದಳು.

"ಏ ಇಂಜಿನಿಯರ್, ಎಲ್ಲಿಗಿ ಹೊಂಟಿ? ಸಾಲಿನಾಗ ನಿಂದ್ರು."

"ನಾ ಅಕ್ಕಿ ಮುಟ್ಟೇ ಇಲ್ರಿ."

"ನಿಮ್ಮ ಕೇರ್ಯಾಗಿನೋರು ಎಲ್ಲಾರೂ ಇದನ್ನ ಅಂತೀರಿ. ಓಡ್ನಿ ತಗದು ಝಾಡ್ಸು."

ಅಕ್ಕ ಓಡ್ನಿ ತೆಗೆದಳು. ಕಾಲೇಜಿನ ಬೀಳ್ಕೊಡುಗೆಗೆಂದು ಕೊಂಡ ತಿಳಿನೀಲಿ ಓಡ್ನಿ. ಝಾಡಿಸಿದಳು. ಒಂದು ಕಾಳೂ ಬೀಳಲಿಲ್ಲ. ಮೂಟೆ ಹೊರುತ್ತಿದ್ದ ಗಂಡಸರು ನೋಡುತ್ತಿದ್ದರು. ಅಪ್ಪ ಮುಖ ತಿರುಗಿಸಿದ. ಅಕ್ಕ ಓಡ್ನಿಯನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದು ಹಾಗೇ ನಿಂತಳು.

ನನ್ನ ಪಾಳಿ ಬಂತು. ನಾನು ಉಡಿ ಬಿಚ್ಚಲಿಲ್ಲ. ಹೋಗಿ ಗೇಟಿನ ನಡುವೆ ಕುಳಿತೆ. ಅಕ್ಕಿ ತುಂಬಿದ ಲಾರಿ ಹೊರಡಲು ಗುರುಗುಟ್ಟುತ್ತ ನಿಂತಿತ್ತು. ಡ್ರೈವರ್ ಹಾರನ್ ಒತ್ತಿದ.

"ಏಳಲೇ ಸೂಳಿಮಗಳ! ತಲಿ ಕೆಟ್ಟದೇನು?" ಧಣಿ ಚೀರಿದ.

ಮಿಲ್ಲಿಗೆ ಬಂದಾಗಿನಿಂದ ನಾನು ಅವನೆದುರು ಬಾಯಿ ತೆರೆದವಳಲ್ಲ.

"ಅಕ್ಕನ ಮಾರ್ಕ್ಸ್ ಕಾರ್ಡ್ ಕೊಡ್ರಿ," ಎಂದೆ.

ಮಾನಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿದಳು, ಆದರೆ ಕೂರಲಿಲ್ಲ. ಗಡಿಗೆಪ್ಪ ಧಣಿಯ ಮುಖ ನೋಡಿದ. ಧಣಿ ನನ್ನನ್ನು ನೋಡದೆ, ಲಾರಿಯವನಿಗೆ ಮುಂದೆ ಬರುವಂತೆ ಕೈ ಮಾಡಿದ.

ಚಕ್ರಗಳು ಹೊರಳಿದವು. ನಾನು ಏಳಲಿಲ್ಲ.

"ಸೋಮವಾರ ಬೇಕಾಗ್ಯಾವ್ರಿ. ಕೊಡ್ರಿ."