ಬ್ಯಾಟರಿಯ ಕೊಂಬುಗಳು

ಕೀಲಿ ತಿರುವಿದಾಗ ಲಾರಿ 'ಟಕ್' ಎಂದು ಒಮ್ಮೆ ಸದ್ದು ಮಾಡಿ ಮತ್ತೆ ಸುಮ್ಮನಾಯಿತು. ಬೆಳಗಿನಿಂದ ಇದು ಎಷ್ಟನೆಯ ಸಲವೋ, ಬಾಗಿಲ ಬಳಿ ನಿಂತಿದ್ದ ಜಂಬಕ್ಕ ಎಣಿಸುವುದನ್ನೇ ಬಿಟ್ಟಿದ್ದಳು. ಮದುವೆಯಾಗಿ ಗುಡೇಕೋಟೆಗೆ ಬಂದು ಇನ್ನೂ ಎಂಟು ದಿನ. ಇವತ್ತು ಹುಣಸೆಹಣ್ಣಿನ ಲೋಡಿನ ಜೊತೆ ಗಂಡ ಪಾಲಾಕ್ಷನ ಪಕ್ಕದಲ್ಲಿ ಕೂತು ಕೊಟ್ಟೂರಿಗೆ ಹೋಗಿ, ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಬರುವುದೆಂದು ಮಾತಾಗಿತ್ತು. ಹಸಿರು ಸೀರೆ ಉಟ್ಟು ತಲೆತುಂಬ ಹೂ ಮುಡಿದು ತಯಾರಾದವಳಿಗೆ ಈಗ ಆ ಹೂವೇ ಭಾರವಾಗಿತ್ತು.

ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಲಾರಿ ಕೆಟ್ಟು ನಿಂತರೆ ನಮ್ಮ ಕಡೆ ಎಲ್ಲರೂ ಮೇಸ್ತ್ರಿಗಳೇ. ಡೀಸೆಲ್‌ನಲ್ಲಿ ನೀರು ಸೇರಿದೆ ಎಂದ ಒಬ್ಬ. ಪೈಪಿನಲ್ಲಿ ಗಾಳಿ ಹಿಡಿದಿದೆ ಎಂದ ಇನ್ನೊಬ್ಬ. ಸೈಕಲ್ಲಿನ ಚೈನು ಹಾಕಲೂ ಬಾರದವನೊಬ್ಬ ಇಂಜಿನ್ನೇ ಬಿಚ್ಚಬೇಕೆಂದು ತೀರ್ಪು ಕೊಟ್ಟ. ಹನ್ನೆರಡು ಮಂದಿ ಸೇರಿ ನೂಕಿದ್ದೂ ಆಗಿತ್ತು, ಲೋಡಾದ ಲಾರಿ ಗೇಣು ಕದಲಿರಲಿಲ್ಲ. ಆದರೆ ಜಂಬಕ್ಕನ ಕಿವಿಯೆಲ್ಲ ಪಕ್ಕದ ಮನೆಯ ಹೊನ್ನೂರಮ್ಮನ ಕಡೆಗಿತ್ತು. ಎಂಟು ವರ್ಷ ಒಂದು ದಿನವೂ ಮೊಂಡು ಹಿಡಿಯದ ಗಾಡಿ, ಹೊಸ ಕಾಲು ಹೊಸ್ತಿಲು ದಾಟಿದ ವಾರಕ್ಕೇ ನಿಂತುಬಿಟ್ಟಿತಲ್ಲ ಎಂದು ಆಕೆ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳುತ್ತಿದ್ದಳು.

ಈ ಮಾತು ಜಂಬಕ್ಕನಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಅರಸೀಕೆರೆಯ ಗಂಡಿನೊಂದಿಗೆ ನಿಶ್ಚಯವಾದ ವಾರದಲ್ಲೇ ಅವರ ಮನೆಯ ಎಮ್ಮೆ ಸತ್ತಿತ್ತು. ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಅವರು ಸಂಬಂಧ ಮುರಿದುಕೊಂಡರು. ಆ ಸುದ್ದಿ ಗುಡೇಕೋಟೆಯವರೆಗೆ ಬಂದಿಲ್ಲವೆಂಬ ಧೈರ್ಯದ ಮೇಲೆ ಅವಳು ಈ ಎಂಟು ದಿನ ಉಂಡಿದ್ದಳು, ನಕ್ಕಿದ್ದಳು. ಈಗ ಜೀವ ಹಿಡಿಯಷ್ಟಾಗಿತ್ತು. ತವರಿಗೆ ಕಳಿಸಿಬಿಟ್ಟರೆ ಅಪ್ಪನಿಗೆ ಏನು ಹೇಳುವುದು? ಅತ್ತೆ ಕೊಟ್ರಬಸಮ್ಮ ಬೆಳಗಿನಿಂದ ಕಟ್ಟೆಯ ಮೇಲೆ ಕೂತವಳು ಲಾರಿಯ ಮೇಲಿಂದ ಕಣ್ಣು ತೆಗೆದಿರಲಿಲ್ಲ.

ಕೂಡ್ಲಿಗಿಯಿಂದ ನೂರಸಾಬ ಲೂನಾ ಹತ್ತಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಮುದುಕ ಮೇಸ್ತ್ರಿ ಯಾರ ಮಾತಿಗೂ ಕಿವಿಗೊಡದೆ ಮೊದಲು ಚಹಾ ಕುಡಿದ. ಆಮೇಲೆ ಪಾಲಾಕ್ಷನಿಗೆ ಲೈಟು ಹಾಕಲು ಹೇಳಿದ. ದೀಪ ಚೆನ್ನಾಗಿಯೇ ಉರಿಯಿತು. ಅದು ಹಾಗೇ ಇರಲಿ, ಕೀಲಿ ತಿರುವು ಎಂದ. ತಿರುವಿದ ಕೂಡಲೇ ದೀಪ ಆರಿತು, ಬಿಟ್ಟ ಕೂಡಲೇ ಹೊತ್ತಿಕೊಂಡಿತು. ಬ್ಯಾಟರಿಯಲ್ಲಿ ಜೀವ ಇದೆ, ದಾರಿಯಲ್ಲಿ ಏನೋ ಅಡ್ಡ ಕೂತಿದೆ ಎಂದು ಗೊಣಗುತ್ತ ಬ್ಯಾಟರಿಯ ಪೆಟ್ಟಿಗೆ ತೆರೆದು, ವೈರು ಬಿಗಿದ ಜಾಗವನ್ನು ಬೆರಳಿನಿಂದ ಮುಟ್ಟಿದ. ಅಲ್ಲಿ ಸುಡುತ್ತಿತ್ತು. ಪಾನಾ ಹಾಕಿ ನಟ್ಟು ಸಡಿಲಿಸಿ ಎತ್ತಿದರೆ ಒಳಗೆ ಹಳದಿ ಬಣ್ಣದ್ದೇನೋ ದಪ್ಪಗೆ ಮೆತ್ತಿಕೊಂಡಿತ್ತು. ನೂರಸಾಬ ಉಗುರಿನಿಂದ ಕೆರೆದು ಮೂಸಿದ. ಹರಳೆಣ್ಣೆ, ಅರಿಷಿಣ, ವಿಭೂತಿ. ಅವನ ಕಣ್ಣು ಕಟ್ಟೆಯ ಕಡೆ ಹೋಗಿ ಬಂತು.

"ಏನಿಲ್ಲಪ್ಪ, ಕಿಲುಬು ಹಿಡದೈತಿ," ಎಂದು ಹೆಗಲ ಮೇಲಿನ ಬಟ್ಟೆಯಿಂದ ಗಡಿಬಿಡಿಯಲ್ಲಿ ಒರೆಸತೊಡಗಿದ.

ಹೊನ್ನೂರಮ್ಮ ಬಿಡುವವಳಲ್ಲ. ಇಷ್ಟು ವರ್ಷ ಹಿಡಿಯದ ಕಿಲುಬು ಈಗಲೇ ಯಾಕೆ ಹಿಡಿಯಿತು ಎಂದು ಕೇಳಿದಳು. ಎಲ್ಲರೂ ಬಾಗಿಲ ಕಡೆ ನೋಡಿದರು. ಜಂಬಕ್ಕ ಕಂಬ ಹಿಡಿದುಕೊಂಡಳು.

ಆಗ ಕೊಟ್ರಬಸಮ್ಮ ಎದ್ದಳು.

"ಕಿಲುಬಲ್ಲ ನೂರಸಾಬ. ಅದನ್ನ ಬಳಿದಾಕಿ ನಾನು."

ಚಾರ್ಜು ಮಾಡಿಸಿ ತಂದ ಬ್ಯಾಟರಿ ಎರಡು ದಿನ ಪಡಸಾಲೆಯಲ್ಲಿತ್ತು. ಅದರ ತಲೆಯ ಮೇಲಿನ ವೈರು ಬಿಗಿಯುವ ಎರಡು ಸೀಸದ ಮೋಟುಗೂಟಗಳು ಆಕೆಗೆ ಎತ್ತಿನ ಕೊಂಬಿನ ಹಾಗೆ ಕಂಡವಂತೆ. ಮನೆಯಲ್ಲಿ ಎತ್ತು ಇದ್ದ ಕಾಲದಲ್ಲಿ ಹೊಸದಾಗಿ ಗಾಡಿ ಹತ್ತುವವರಿದ್ದರೆ ಕೊಂಬಿಗೆ ಎಣ್ಣೆ ಅರಿಷಿಣ ಬಳಿಯುತ್ತಿದ್ದ ಕೈ ಅದು. ಸೊಸೆ ಮೊದಲ ಸಲ ಹತ್ತುವವಳೆಂದು ಒಂದಿಷ್ಟು ಹೆಚ್ಚೇ ಬಳಿದಿದ್ದಳು. ಪಾಲಾಕ್ಷ ನೋಡದೆ ಏನಿಲ್ಲ. ಅವ್ವ ದೇವರ ಹೆಸರಲ್ಲಿ ಬಳಿದದ್ದನ್ನು ಒರೆಸುವುದು ಹೇಗೆಂದು ಇವತ್ತು ಬೆಳಿಗ್ಗೆ ಅದರ ಮೇಲೆಯೇ ವೈರು ಬಿಗಿದಿದ್ದ ಮಹಾರಾಯ. ಮಂದಿ ನಕ್ಕರು. ಕೊಟ್ರಬಸಮ್ಮ ತಲೆ ತಗ್ಗಿಸಲಿಲ್ಲ, ನಗು ಮುಗಿಯುವವರೆಗೆ ನಿಂತೇ ಇದ್ದಳು.

ನೂರಸಾಬ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದ. ಕೀಲಿ ತಿರುವಿದ್ದೇ ತಡ, ಲಾರಿ ಕೆಮ್ಮಿ, ಹೊಗೆ ಬಿಟ್ಟು, ಗುಡುಗುಡು ಎನ್ನತೊಡಗಿತು. ಜಂಬಕ್ಕನಿಗೆ ಅಳು ತಡೆಯಲಾಗಲಿಲ್ಲ, ಒಳಗೆ ಓಡಿದಳು. ಅತ್ತೆ ಹಿಂದೆಯೇ ಬಂದು ಸೆರಗಿನಿಂದ ಅವಳ ಮುಖ ಒರೆಸಿದಳು.

"ಅರಸೀಕೆರಿ ಸುದ್ದಿ ನನಗ ಆವಾಗ್ಲೇ ಗೊತ್ತಿತ್ತವ್ವ. ಗೊತ್ತಿದ್ದೇ ತಂದೀನಿ. ಇವತ್ತೊಂದಿನ ಏನೂ ಆಗಬಾರದು, ಮಂದಿ ನಿನ್ನ ಹೆಸರು ಎತ್ತಬಾರದು ಅಂತ ಬಳಿದ್ನಿ. ನಡಿ, ಹೊತ್ತಾತು."

ಲಾರಿಯ ಮೆಟ್ಟಿಲು ಎತ್ತರ. ಸೀರೆಯಲ್ಲಿ ಜಂಬಕ್ಕನ ಕಾಲು ಅಲ್ಲಿಯವರೆಗೆ ಎಟುಕಲಿಲ್ಲ. ಮೇಲಿನಿಂದ ಪಾಲಾಕ್ಷ ಕೈ ಚಾಚಿದ್ದ. ಕೊಟ್ರಬಸಮ್ಮ ಚಕ್ರದ ಪಕ್ಕ ಒಂದು ಮೊಣಕಾಲೂರಿ ಕೂತು, ಇನ್ನೊಂದು ತೊಡೆಯನ್ನು ತಟ್ಟಿ ತೋರಿಸಿದಳು. ಹಿರಿಯರನ್ನು ತುಳಿಯುವುದು ಹೇಗೆಂದು ಜಂಬಕ್ಕ ಹಿಂದೆ ಸರಿದಳು. ಅತ್ತೆ ತಾನೇ ಅವಳ ಪಾದ ಹಿಡಿದು, ಅಂಟಿದ ಮಣ್ಣನ್ನು ಅಂಗೈಯಿಂದ ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡಳು. ಜಂಬಕ್ಕ ಅರೆಗಳಿಗೆ ಭಾರ ಹಾಕದೆ ನಿಂತಳು. ಆಮೇಲೆ ಪೂರ್ತಿ ಭಾರ ಬಿಟ್ಟು ಮೇಲೆ ಹತ್ತಿದಳು.