ಕರಿ ಹೆಬ್ಬೆಟ್ಟು

ಆ ಕೈ — ಟೊಮ್ಯಾಟೊ ಹೋಳುಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಸರಿದ ಆ ಕೈ, ಉಗುರಿನ ಸಂದಿಯಿಂದ ಮಣಿಕಟ್ಟಿನವರೆಗೆ ಕರ್ರಗೆ, ಭಾನುವಾರ ಚರ್ಚಿಗೆ ಬರುವಾಗಲಾದರೂ ತೊಳೆದುಕೊಂಡು ಬರಬಾರದೇ, ಆದರೆ ತೊಳೆದರೆ ಹೋಗುವ ಬಣ್ಣವೇ ಅದು, ಕರಿ ಅಕ್ರೋಟಿನ ಸಿಪ್ಪೆಯ ರಸ, ಸೋಪಿಗೂ ಜಗ್ಗುವುದಿಲ್ಲ ಸೀಮೆಎಣ್ಣೆಗೂ ಜಗ್ಗುವುದಿಲ್ಲ, ಅಕ್ಟೋಬರ್ ಬಂತೆಂದರೆ ಈ ಕೆಂಟಕಿ ಕಣಿವೆಯ ಅರ್ಧ ಜನರ ಕೈ ಹೀಗೆಯೇ, ದಾರಿಯ ತುಂಬ ಕಾಯಿ ಹರಡಿ ಅದರ ಮೇಲೆ ಗಾಡಿ ಓಡಿಸಿ ಸಿಪ್ಪೆ ಬಿಡಿಸುವುದು, ಆಮೇಲೆ ಕೂತು ಆರಿಸುವುದು, ಅಗೋ ಊಟದ ಸಾಲಿನಲ್ಲಿ ನಿಂತ ಹೋಬರ್ಟ್ ಮುದುಕನ ಕೈಯೂ ಹಾಗೆಯೇ — ಇರಲಿ, ಅವನಿಗೆ ಮರಗಳಿವೆ, ತಂಗಿ ಮೊಜೆಲ್‌ಗೆ ಎಲ್ಲಿಯ ಮರ? ಬೇಲಿಯ ಈಚೆಗಿದ್ದ ಒಂದನ್ನು ರೋವೀನಾ ತಾನೇ ಕಡಿಸಿ ಹಾಕಿದಳಲ್ಲ, ಅಮ್ಮ ತೀರಿಕೊಂಡ ಚಳಿಗಾಲ, ಈಗ ಮೂರು ವರ್ಷ, ತಂಗಿ ಬೇಲಿಯಾಚೆ ನಿಂತು ಅಕ್ಕ ಅದು ಅಮ್ಮನ ಮರ ಕಣೇ, ಬೇಡ ಕಣೇ ಎಂದು ಅತ್ತಳು, ಆಮೇಲೆ ಮಾತು ನಿಂತೇಹೋಯಿತು. ಮರವಿಲ್ಲದವಳ ಕೈಗೆ ಈ ಮಸಿ ಎಲ್ಲಿಂದ ಬಂತು, ಹೇಳಲಿ ನೋಡೋಣ.

ಎಲ್ಲಿಂದ ಎಂದು ತನಗೆ ಗೊತ್ತಿದೆ, ಎಲ್ಲಿಂದಾದರೂ ಸಿಪ್ಪೆ ಹೊತ್ತು ತಂದು ಅಕ್ಕನ ಪಾತಿಯಲ್ಲಿ ಹೂಳುತ್ತಾಳೆ, ಟೊಮ್ಯಾಟೊಗೆ ಅಕ್ರೋಟಿನ ಸಿಪ್ಪೆಯೆಂದರೆ ವಿಷ, ಇದು ಇಲ್ಲಿಯ ಮಗುವಿಗೂ ಗೊತ್ತು, ಇಲ್ಲದಿದ್ದರೆ ಮೂರು ವರ್ಷವೂ ಜುಲೈನಲ್ಲಿ, ಮಣ್ಣು ಒದ್ದೆಯಿರುವಾಗಲೇ, ಸೊಂಟದೆತ್ತರದ ಗಿಡಗಳು ನಿಂತಲ್ಲೇ ತಲೆ ಬಗ್ಗಿಸುವುದೆಂದರೇನು, ಅಗೆದು ನೋಡಿದರೆ ಎರಡು ಚೂರು ಸಿಪ್ಪೆ ಸಿಕ್ಕಿಯೂ ಇತ್ತು, ಅಳಿಲು ಹೂತದ್ದಿರಬೇಕು ಬಿಡು ಎಂದ ಗಂಡ, ಅಳಿಲಿಗೆ ನನ್ನ ಮೇಲೇನು ದ್ವೇಷ ಎಂದು ಅವನ ಬಾಯಿ ಮುಚ್ಚಿಸಿದಳು. ಅಮ್ಮನ ಬೀಜ ಅದು, ಅಮ್ಮನಿಗೆ ಅವಳಮ್ಮ ಕೊಟ್ಟದ್ದು, ಡಬ್ಬಿಯ ತಳದಲ್ಲಿದ್ದ ಕೊನೆಯ ಹನ್ನೊಂದು ಕಾಳನ್ನು ಈ ವರ್ಷ ಹಾಕಿದ್ದಳು, ಹನ್ನೊಂದೂ ಹೋದವು, ಇನ್ನು ಅಮ್ಮನ ಟೊಮ್ಯಾಟೊ ಅವಳ ಮನೆಯಲ್ಲಿಲ್ಲ. ಅಷ್ಟೂ ಸಾಲದೆಂದು ಏಪ್ರಿಲ್‌ನಲ್ಲಿ ಅಂಚೆಡಬ್ಬಿಯಲ್ಲಿ ಆ ಲಕೋಟೆ, ಹೆಸರಿಲ್ಲ, ಅಕ್ಷರವಿಲ್ಲ, ಮೂಲೆಯಲ್ಲೊಂದು ಕರಿ ಹೆಬ್ಬೆಟ್ಟು — ಹೆಸರು ಬೇರೆ ಬೇಕೇ — ಅಲುಗಿಸಿದರೆ ಒಳಗೆ ಸರಸರ, ಒಣಗಿಸಿ ಕುಟ್ಟಿದ ಸಿಪ್ಪೆಯೇ ಇರಬೇಕು, ಎಷ್ಟು ಸೊಕ್ಕು, ಬಿಚ್ಚಲೂ ಇಲ್ಲ, ಎತ್ತಿ ಒಲೆಗೆ ಹಾಕಿದಳು, ಒಳ್ಳೆಯ ಕೆಲಸ ಮಾಡಿದಳು.

ಸಾಲು ಮುಂದೆ ಸರಿಯಿತು, ತಟ್ಟೆ ಈಗ ಕಣ್ಣೆದುರಿಗೇ, ಹಳದಿ ಹೋಳು, ನಡುವೆ ಕೆಂಪು ಎಳೆ — ಇದು ಅಮ್ಮನದು, ಕಣಿವೆಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ್ದು, ಕಳ್ಳಿ, ನನ್ನದನ್ನೇ ಕದ್ದು — ಆದರೆ ಕದಿಯಲು ನನ್ನ ಪಾತಿಯಲ್ಲಿ ಮೂರು ವರ್ಷದಿಂದ ಒಂದು ಕಾಯಿಯಾದರೂ ಬಿಟ್ಟಿತ್ತೇ, ಇಲ್ಲ, ಹಾಗಾದರೆ ಅವಳ ಹತ್ತಿರವೂ ಬೀಜವಿತ್ತು. ಬಾಯಿ ಸುಮ್ಮನಿರಲಿಲ್ಲ, ತಂಗಿಗೆ ಕೇಳಿಸಲೆಂದೇ ಹೋಬರ್ಟ್‌ನ ಕಡೆ ತಿರುಗಿ, ಕೆಲವರಿಗೆ ಬೆಳೆಯುತ್ತೆ ಬಿಡಿ, ನಮ್ಮ ಗಿಡಕ್ಕೆ ಯಾರೋ ವಿಷ ಹಾಕ್ತಿದಾರೆ. ಮುದುಕ ಬಾಯಿಗೆ ಹಾಕಿಕೊಂಡಿದ್ದ ಹೋಳನ್ನು ಅಗಿಯುತ್ತಲೇ, ಎಲ್ಲಿ ಹಾಕಿದೀಯಮ್ಮ ಪಾತಿ? ಮರ ಇತ್ತಲ್ಲ ಅಲ್ಲೇ, ಎಂದಳು ರೋವೀನಾ, ಹುಲ್ಲು ಎಷ್ಟು ಸೊಂಪಾಗಿತ್ತು, ಕೊಬ್ಬಿದ ಮಣ್ಣು ಅಂತ ಅದಕ್ಕೇ ಕಡಿಸಿದ್ದು. ಅವನು ಅಗಿಯುವುದನ್ನು ನಿಲ್ಲಿಸಿದ. ಹುಲ್ಲಿಗೆ ಅಕ್ರೋಟು ಆಗಿಬರತ್ತೆ ತಾಯಿ, ಟೊಮ್ಯಾಟೊಗೆ ಆಗಲ್ಲ, ಮೇಲೆ ಕಡಿದ್ರೆ ಕೆಳಗಿನ ಬೇರು ಎಲ್ಲಿಗೆ ಹೋಗತ್ತೆ, ಅದು ಕೊಳೆತು ಮುಗಿಯೋವರೆಗೂ ವಿಷ ಅಲ್ಲೇ ಇರತ್ತೆ, ನಿಮ್ಮಮ್ಮ ಯಾಕೆ ಮನೆ ಹಿಂದುಗಡೆ ಹಾಕ್ತಿದ್ಲು ಅಂದ್ಕೊಂಡೆ? ಹೌದು, ಹಿಂದುಗಡೆ, ಅಷ್ಟು ದೂರಕ್ಕೆ ನೀರು ಹೊತ್ತುಕೊಂಡು ಹೋಗುತ್ತಿದ್ದಳು ಅಮ್ಮ, ಯಾಕೆಂದು ಒಂದು ದಿನವೂ ಕೇಳಲಿಲ್ಲವಲ್ಲ.

ಮೊಜೆಲ್ ಪಕ್ಕಕ್ಕೆ ಬಂದಿದ್ದಳು, ಮೂರು ವರ್ಷದ ಮೇಲೆ ಅವಳ ದನಿ, ಅಯ್ಯೋ ಅಕ್ಕ, ಏಪ್ರಿಲ್‌ನಲ್ಲಿ ನಿನ್ನ ಅಂಚೆಡಬ್ಬಿಗೆ ಹಾಕಿದ್ನಲ್ಲ ಅಮ್ಮನ ಬೀಜ, ಅದನ್ನೂ ಅಲ್ಲೇ ಬಿತ್ತಿದ್ಯಾ? ಹೋದ ಅಕ್ಟೋಬರ್‌ನಲ್ಲಿ ತೆಗೆದಿಟ್ಟದ್ದಂತೆ, ಹೊಳೆದಂಡೆಯಲ್ಲಿ ಆರಿಸಿ ತಂದ ಕಾಯಿ ಸುಲಿಯುತ್ತ ಕೂತಿದ್ದಾಗ, ಅಮ್ಮ ಮಾಡುತ್ತಿದ್ದ ಅಕ್ರೋಟಿನ ಕೇಕಿಗೆಂದು, ಲಕೋಟೆಗೆ ಕಲೆ ಹತ್ತಿತಂತೆ, ಬೇರೆ ಲಕೋಟೆ ಇರಲಿಲ್ಲವಂತೆ. ಎಲ್ಲವೂ ಸರಿಹೊಂದುತ್ತಿದೆ, ಸುಳ್ಳೆನ್ನಲು ಎಲ್ಲೂ ಬಿರುಕಿಲ್ಲ, ಹುಡುಕುತ್ತಾಳೆ, ಸಿಗುವುದಿಲ್ಲ — ಹೂಂ, ಅಲ್ಲೇ ಬಿತ್ತಿದೆ, ಎಂದೇಬಿಟ್ಟಳು. ಹೋಗ್ಲಿ ಬಿಡು, ನಿನ್ನ ತಪ್ಪೇನಿದೆ, ಬೇರು ಮಾಡಿದ್ದು, ಈ ಸಲ ಮತ್ತೆ ಕೊಡ್ತೀನಿ, ಎನ್ನುತ್ತ ಮೊಜೆಲ್ ಒಂದು ಹೋಳನ್ನು ಅಕ್ಕನ ತಟ್ಟೆಗೆ ಹಾಕುತ್ತಾಳೆ, ಆ ಕೈ, ತಟ್ಟೆಯಂಚಿಗೆ ಒತ್ತಿದ ಆ ಹೆಬ್ಬೆರಳು, ಒಲೆಯೊಳಗೆ ಚಟಪಟ ಸದ್ದಾಗಿತ್ತು, ಪುಡಿ ಎಲ್ಲಾದರೂ ಚಟಪಟ ಎನ್ನುತ್ತದೆಯೇ, ಆಗಲೇ ಕೇಳಿಸಿತ್ತು, ಕೇಳಿಸಿಯೂ ನಿಂತು ನೋಡುತ್ತಿದ್ದಳು, ಲಕೋಟೆ ಸುರುಳಿ ಸುತ್ತುತ್ತಿತ್ತು, ಎಲ್ಲ ಉರಿದ ಮೇಲೂ ಮೂಲೆ ಉಳಿದಿತ್ತು, ಮೂಲೆಯಲ್ಲಿ ಕರಿ ಹೆಬ್ಬೆಟ್ಟು, ಬೆಂಕಿಯಲ್ಲಿ ಕರಿ ಹೆಬ್ಬೆಟ್ಟು —