ಜಪಾನ್ ಪೆಟ್ಟಿಗೆಯ ಮುಂದೆ ಹೀರಾಬಿ

ಹೀರಾಬಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ರಾಯಚೂರಿನ ಆರ್ಕೆಸ್ಟ್ರಾದವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಡೋಲಕ್‌ನವನು ತಾಳ ಎಳೆದರೆ ಅಲ್ಲೇ ಬೈಯುವಳು, ಮೈಕಿನವನು ಕಿರ್ರೆನ್ನಿಸಿದರೆ ಅವನ ಅಪ್ಪನನ್ನೂ ಸೇರಿಸಿ ಬೈಯುವಳು. ಎಂಬತ್ತಾರರ ಬೇಸಿಗೆಯಲ್ಲಿ ಮಾತ್ರ ಅವಳ ಸಿಟ್ಟೆಲ್ಲ ಒಂದು ಪೆಟ್ಟಿಗೆಯ ಮೇಲೆ ಬಿದ್ದಿತ್ತು.

ಅವಳು ಹಾಡುತ್ತಿದ್ದದ್ದು ಸೂಗಪ್ಪನ ನವರಂಗ ಮೆಲೊಡಿ ಪಾರ್ಟಿಯಲ್ಲಿ. ಮದುವೆ, ಉರುಸು, ಗಣಪತಿ, ಯಾರು ಕರೆದರೂ ಹೋಗುವ ಪಾರ್ಟಿ. ಅವಳ ತಮ್ಮ ಖಾಜಾಮಿಯಾ ಅದರಲ್ಲೇ ಸಿಂಥಸೈಸರ್ ನುಡಿಸುತ್ತಿದ್ದ. ಹೈದರಾಬಾದಿನ ಯಾವುದೋ ಸ್ಟುಡಿಯೋದಿಂದ ಕೈದಾಟಿ ಬಂದಿದ್ದ ಹಳೆಯ ಯಂತ್ರ ಅದು. ಮೈತುಂಬ ತಿರುಗಿಸುವ ಗುಂಡಿಗಳು. ಎರಡು ಕೀ ಒಟ್ಟಿಗೆ ಒತ್ತಿದರೂ ಒಂದೇ ಸ್ವರ ಹೊರಡುತ್ತಿತ್ತು. ಬಿಸಿಲಿಗೆ ಕಾದರೆ ಶ್ರುತಿ ಸರಿದುಬಿಡುತ್ತಿತ್ತು, ರಾಯಚೂರಿನಲ್ಲಿ ಬಿಸಿಲಿಗೇನು ಬರವೇ! ಅದಕ್ಕೇ ಪ್ರತಿ ಹಾಡಿಗೂ ಮೊದಲು ಹೀರಾಬಿ ಮೆಲ್ಲಗೆ ಗುನುಗುವಳು, ಖಾಜಾಮಿಯಾ ಕಿವಿಗೊಟ್ಟು ಎಡತುದಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಯಂತ್ರವನ್ನು ಅವಳ ದನಿಗೆ ಕೂಡಿಸುವನು. ಅವಳ ದನಿ ಪಳಗಿದ್ದು ಅಪ್ಪನ ಹಾರ್ಮೋನಿಯಂ ಮೇಲೆ. ಅದರ ಶ್ರುತಿ ಪೇಟೆಯಲ್ಲಿ ಸಿಗುವ ಪೆಟ್ಟಿಗೆಗಳಿಗಿಂತ ತುಸು ಕೆಳಗೆ. ಹಾಡುವವರು ಎಲ್ಲಿದ್ದಾರೋ ವಾದ್ಯ ಅಲ್ಲಿಗೆ ಬರಬೇಕು ಎಂಬುದು ಆ ಮನೆಯ ರೂಢಿ. ತಂದೆ ತೀರಿದ ಮೇಲೆ ಖಾಜಾಮಿಯಾನಿಗೆ ಸ್ವರ ಕಲಿಸಿದವಳೂ, ಅನ್ನ ಹಾಕಿ ಬೆಳೆಸಿದವಳೂ ಅವಳೇ.

ತೀನ್ ಕಂದೀಲ್ ಸರ್ಕಲ್ಲಿನ ಚಹಾದಂಗಡಿಯಲ್ಲಿ ಊರಿನ ವಾದ್ಯದವರೆಲ್ಲ ಕೂತು ಯಾವ ಪೆಟ್ಟಿಗೆ ಭಾರಿ, ಯಾವುದು ಬಂಡಲ್ ಎಂದು ತೀರ್ಪು ಕೊಡುತ್ತಿದ್ದರು. ಯಾವ ಕಂಪನಿಯದಾದರೂ ಅವರ ಬಾಯಲ್ಲಿ ಅದು ಕ್ಯಾಸಿಯೋ. ಅವರ ಒರೆಗಲ್ಲು ಏನು ಗೊತ್ತೇ? ಹಾವಾಡಿಗನ ಪುಂಗಿಯ ದನಿ ಬರುತ್ತದೋ ಇಲ್ಲವೋ ಎಂಬುದು! ಖಾಜಾಮಿಯಾನ ಹಳೆಯ ಯಂತ್ರ ಪುಂಗಿ ಊದಿದರೆ ಜನ ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತಿದ್ದರು. ಆದ್ದರಿಂದ ಅಷ್ಟು ವರ್ಷ ಅದೇ ರಾಜ. ಆಮೇಲೆ ತಾನೇ ಡ್ರಮ್ ಬಾರಿಸಿಕೊಳ್ಳುವ, ಹತ್ತು ಬೆರಳಿಗೂ ಹತ್ತು ಸ್ವರ ಕೊಡುವ ಜಪಾನ್ ಪೆಟ್ಟಿಗೆಗಳು ಬಂದವು. ಅದೇ ಜನ, ಅದೇ ಚಹಾ, ಹಳೆಯದು ಬಂಡಲ್ ಆಯಿತು. ಹೊಗಳಿದ್ದಕ್ಕೂ ಅರ್ಥವಿಲ್ಲ, ತೆಗಳಿದ್ದಕ್ಕೂ ಅರ್ಥವಿಲ್ಲ. ಹೆಣ್ಣಿನ ದನಿಯ ಕೆಳಗೆ ಕೈಯೊಡ್ಡಿ ನಿಲ್ಲುವ ಅದರ ಗುಣವನ್ನು ಒಬ್ಬನೂ ಕಾಣಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

"ಒಮ್ಮಿಗೆ ಒಂದ ಸ್ವರ ಅಂತ ನಗ್ತೀರಲ್ಲಾ, ನಿಮ್ಮ ಗಂಟಲೊಳಗ ಎಷ್ಟು ಬರ್ತಾವ? ಹೇಳ್ರಿ ನೋಡಮು!" ಎಂದು ಹೀರಾಬಿ ತಾಲೀಮಿನ ಕೋಣೆಯಲ್ಲಿ ಕೂಗಾಡಿದಳು. ಸೂಗಪ್ಪ ಅಷ್ಟರಲ್ಲಾಗಲೇ ಜಪಾನ್ ಪೆಟ್ಟಿಗೆ ತರಿಸಿ, ಅದಕ್ಕೆ ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿದ್ದ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಖಾಜಾಮಿಯಾನೂ ಊಟ ನಿದ್ದೆ ಬಿಟ್ಟು ಅದರ ಗುಂಡಿಗಳನ್ನು ಒತ್ತಿದ್ದೇ ಒತ್ತಿದ್ದು.

ತಾಲೀಮಿನಲ್ಲಿ ಹೀರಾಬಿ ಬಾಯಿ ತೆರೆದಳು, ಹೊಂದಲಿಲ್ಲ. ಅವಳ ದನಿಯೂ ಪೆಟ್ಟಿಗೆಯ ದನಿಯೂ ಒಂದನ್ನೊಂದು ಉಜ್ಜುತ್ತಿದ್ದವು. ಕೇಳಿದವರಿಗೆ ಹಲ್ಲು ಜುಮ್ಮೆನ್ನುವಂತಿತ್ತು.

"ಇದರ ಶ್ರುತಿ ಸರಿಸಾಕ ಬರಲ್ಲೇನು, ಖಾಜಾ?"

"ಇಲ್ಲ ಆಪಾ. ಇದು ಕಂಪ್ಯೂಟರ್ ಇದ್ದಂಗ. ಕಂಪನಿಯವರು ಕೂಡಿಸಿದ್ದ ಕಾಯಂ. ನೀನ ತುಸು ಮ್ಯಾಲ ಹಾಡಬೇಕು," ಎಂದ ಖಾಜಾಮಿಯಾ, ಕೀಗಳನ್ನೇ ನೋಡುತ್ತ.

ಸೂಗಪ್ಪ ನಕ್ಕ. "ಮಷಿನ್ ಎಂದಾದ್ರೂ ತಪ್ತದೇನು ಹೀರಾಬಿ? ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಳಂತ!"

ಮಾನ್ವಿಯ ಮದುವೆಯಲ್ಲಿ ಮಾನ ಹೋಯಿತು. ಹೀರಾಬಿ ದನಿಯನ್ನು ಮೇಲಕ್ಕೆ ಎಳೆದು ಎಳೆದು ಹಾಡಿದಳು, ಅದು ಒಡೆಯಿತು. ಕಲ್ಲೂರಿನಿಂದ ಬಂದಿದ್ದ ಬೀಗರು ಮುಖ ಹಿಂಡಿದರು. "ವಯಸ್ಸಾಯ್ತು, ಆಯಮ್ಮನ ಶ್ರುತಿ ಹೋಗ್ಯಾದ," ಎಂದು ಒಬ್ಬ ಹೇಳಿದ್ದು ಅವಳ ಕಿವಿಗೇ ಬಿತ್ತು. ಇಪ್ಪತ್ತು ವರ್ಷ ಹಾಡಿದವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಯಾವುದಿದೆ? ಅವಳ ಹತ್ತಿರ ಇದ್ದದ್ದೇ ಆ ಶ್ರುತಿಯೊಂದು. ಮನೆಗೆ ಬಂದು, ತಮ್ಮ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ, ಒಲೆಯ ಮುಂದೆ ಕೂತು ಗುನುಗಿ ನೋಡಿದಳು. ಸರಿಯಾಗಿಯೇ ಕೇಳಿಸಿತು. ಆದರೂ ನಂಬಿಕೆ ಬರಲಿಲ್ಲ, ಕಿವಿಯೂ ಹೋಗಿದೆಯೇನೋ ಎಂದು ಹೆದರಿ ಅತ್ತಳು. ಹೆದರಿದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಆ ಪೆಟ್ಟಿಗೆಯನ್ನು ಮಾಡಿದ ಜಪಾನಿನವರಿಗೆಲ್ಲ ಶಾಪ ಹಾಕಿದಳು. ತಮ್ಮನ ಮೇಲೆ ಮಾತ್ರ ಅವಳಿಗೆ ಅನುಮಾನ ಸುಳಿಯಲಿಲ್ಲ. ಬೇರೆ ಯಾವುದರಲ್ಲಿ ಸುಳ್ಳು ಹೇಳಿದರೂ ಶ್ರುತಿಯ ವಿಷಯದಲ್ಲಿ ಅವನು ತನಗೆ ಸುಳ್ಳು ಹೇಳಲಾರ.

ಮುಂದಿನ ಪ್ರೋಗ್ರಾಂ ದೇವದುರ್ಗದಲ್ಲಿ, ಸಾಹುಕಾರ ರಾಮಲಿಂಗಪ್ಪನ ಮಗಳ ಮದುವೆ. ಅಕ್ಷತೆ ಮುಗಿದು ಊಟದ ಪಂಕ್ತಿ ಕೂತಿತ್ತು. ಸೂಗಪ್ಪ ಸಿರವಾರದಿಂದ ಹೊಸ ಹುಡುಗಿಯೊಬ್ಬಳನ್ನು ಕರೆತಂದಿದ್ದ, ಹಾಡುಗಳೆಲ್ಲ ಅವಳಿಗೆ. ಹೀರಾಬಿಗೆ ಕೊನೆಯಲ್ಲಿ ಒಂದು. ಅದೂ ಸರಿಬರದಿದ್ದರೆ ಇನ್ನು ಪಾರ್ಟಿಗೆ ಬರುವುದು ಬೇಡ ಎಂದು ವ್ಯಾನಿನಲ್ಲೇ ಹೇಳಿಬಿಟ್ಟಿದ್ದ. ಅವಳು ಸ್ಟೇಜಿನ ಒಂದು ಬದಿಯಲ್ಲಿ, ಡ್ರಮ್ಮಿನ ಡಬ್ಬಿಯ ಮೇಲೆ ಬೆವರೊರೆಸುತ್ತ ಕೂತಿದ್ದಳು. ಎದುರಿಗೇ, ಅಡ್ಡಲಾಗಿ ಇಟ್ಟಿದ್ದ ಜಪಾನ್ ಪೆಟ್ಟಿಗೆಯ ಬೆನ್ನು. ಇದುವರೆಗೆ ಅವಳು ಅದರ ಮುಖವನ್ನಷ್ಟೇ ಕಂಡಿದ್ದಳು.

ವೈರುಗಳ ಪಕ್ಕದಲ್ಲಿ, ಉಗುರಿನಷ್ಟು ಚಿಕ್ಕದಾದ, ಆಚೀಚೆ ಸರಿಯುವ ಗುಂಡಿಯೊಂದಿತ್ತು. ಅದರ ಕೆಳಗೆ ಇಂಗ್ಲಿಷಿನ ನಾಲ್ಕು ಅಕ್ಷರ. ಹೀರಾಬಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಆ ನಾಲ್ಕು ಅಕ್ಷರ ಓದಬೇಕಾಗಿರಲಿಲ್ಲ. ಹಳೆಯ ಯಂತ್ರದ ಎಡತುದಿಯಲ್ಲಿ, ತಮ್ಮನ ಬೆರಳ ಕೆಳಗೆ, ಹಾಡು ಹಾಡಿಗೂ ಅವನ್ನು ನೋಡಿದ್ದಳು.

ಅವಳ ಹೆಸರು ಕೂಗಿದರು. ಅವಳು ಮೈಕಿನ ಹತ್ತಿರ ಹೋಗದೆ ಪೆಟ್ಟಿಗೆಯ ಹಿಂದೆ ಬಗ್ಗಿದಳು.

"ಒಂದು ಕೀ ಒತ್ತಿ ಹಿಡಿ."

"ಆಪಾ, ಇಲ್ಲಿ ಬ್ಯಾಡ..."

"ಒತ್ತು!"

ಅವನು ಒತ್ತಿದ. ಅವಳು ಗುನುಗುತ್ತ ಗುಂಡಿಯನ್ನು ಸರಿಸಿದಳು. ಉಜ್ಜಾಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆಮೇಲೆ ಎರಡು ದನಿ ಒಂದೇ ಆದವು. ಗಿಟಾರಿನವನು ತನ್ನ ತಂತಿಗಳನ್ನು ಇಳಿಸಿಕೊಂಡ. ಹೀರಾಬಿ ಹಾಡಿದಳು. ಎಲ್ಲೂ ಎಳೆಯಬೇಕಾಗಲಿಲ್ಲ, ಪೆಟ್ಟಿಗೆ ಅವಳ ದನಿಯನ್ನು ಎತ್ತಿ ಹಿಡಿದಿತ್ತು. ಬಡಿಸುವವರು ಸಾರಿನ ಬಕೆಟ್ಟು ಹಿಡಿದೇ ನಿಂತರು. ರಾಮಲಿಂಗಪ್ಪ ಎದ್ದು ಬಂದು, "ಇನ್ನೊಂದು ಹಾಡ್ರೀ ತಾಯಿ," ಎಂದು ಕೈಮುಗಿದ.

ಅವಳು ತಮ್ಮನ ಕಡೆ ತಿರುಗಿದಳು. ಮನೆಯಲ್ಲಿ ಅವರಿಬ್ಬರ ಮಾತು ದಖ್ಖನಿ ಉರ್ದು. ಈಗ ಎಲ್ಲರಿಗೂ ತಿಳಿಯಲೆಂದೇ ಕನ್ನಡದಲ್ಲಿ ಕೇಳಿದಳು.

"ಯಾವಾಗಿಂದ ಗೊತ್ತಿತ್ತು ನಿನಗ?"

ಖಾಜಾಮಿಯಾ ತಲೆ ತಗ್ಗಿಸಿದ. "ತಂದ ದಿನದಿಂದ. ಸೂಗಪ್ಪಣ್ಣ ಮುಟ್ಟಬ್ಯಾಡ ಅಂದಿದ್ದ ಆಪಾ. ನಿನ್ನ ಶ್ರುತಿಗೆ ತಂದ್ರ ಪೆಟ್ಟಿಗಿ ಬ್ಯಾರೆದವರ ಕೈಗೆ ಕೊಡ್ತೀನಿ ಅಂದಿದ್ದ."

ಮುದುಕಿಯಾದೆ, ಬೇಡ ಎಂದು ಮುಖದ ಮುಂದೆ ಹೇಳಲು ಧೈರ್ಯವಿಲ್ಲದ ಸೂಗಪ್ಪ ಆ ಮಾತನ್ನು ಪೆಟ್ಟಿಗೆಯಿಂದ ಹೇಳಿಸಿದ್ದ. ಅವನು ಈಗ ಮೈಕಿನ ವೈರು ಸರಿಮಾಡುವವನಂತೆ ಬಗ್ಗಿದ್ದ. ಅವನನ್ನು ಹೀರಾಬಿ ನೋಡಲೂ ಇಲ್ಲ. ಮಾಲೀಕರೆಂದರೆ ಅಂಥವರೇ, ಅದು ಅವಳಿಗೆ ಹೊಸದಲ್ಲ. ಎದೆ ಸುಟ್ಟದ್ದು ಇನ್ನೊಂದಕ್ಕೆ.

"ನನ್ನ ಕಿವೀನ ಹೋತು ಅಂತ ಅಂಜಿದ್ದೆ ಖಾಜಾ. ಒಲಿ ಮುಂದ ಕುಂತು ಅತ್ತೆ. ನೀ ಪಡಸಾಲ್ಯಾಗ ಕೇಳಾಕತ್ತಿದ್ದಿ."

ಅವನು ಕೀಗಳ ಮೇಲಿಂದ ಕೈ ತೆಗೆದ.

"ಪೆಟ್ಟಿಗಿ ಚಲೋನ ಅದ. ಪಾಪ, ಸುಮ್ಮಸುಮ್ಮನ ಬೈದೆ ಅದನ್ನ," ಎಂದಳು ಹೀರಾಬಿ. "ನಾ ತಪ್ಪಿದ್ದು ನಿನ್ನ ಬೆಲಿ ಕಟ್ಟಾದ್ರಾಗ."

ರಾಮಲಿಂಗಪ್ಪ ಇನ್ನೂ ಕೈಮುಗಿದೇ ನಿಂತಿದ್ದ. ಅವಳು ಪೆಟ್ಟಿಗೆಯ ಸ್ವಿಚ್ ಆರಿಸಿ, ಡೋಲಕ್‌ನವನಿಗೆ ಸನ್ನೆ ಮಾಡಿ, ತಮ್ಮನಿಗೆ ಬೆನ್ನು ಹಾಕಿ ಎರಡನೆಯ ಹಾಡು ಶುರುಮಾಡಿದಳು.